ಭೇದಿಯಂತೆ ಕಾಣುವ ಮಲಬದ್ಧತೆ

ಪ್ರಶ್ನೆ: ನಮ್ಮ ಆಯಿಗೆ 78 ವರ್ಷ. ಶಿರಸಿಯಿಂದ ಒಳಗೆ ಹಳ್ಳಿಯಲ್ಲಿ ತೋಟದ ಮನೆ. ಮಳೆಗಾಲ ಶುರುವಾದಾಗಿನಿಂದ ಹೊಟ್ಟೆ ಸಾಫ್ ಆಗುತ್ತಿಲ್ಲ. ನಾಲ್ಕೈದು ದಿನಕ್ಕೊಮ್ಮೆ ತಿಣುಕಿ ಸ್ವಲ್ಪ ಹೋಗುತ್ತಿತ್ತು. ಬಿಪಿಗೆ ಆಮ್ಲೋಡಿಪಿನ್, ಮಂಡಿನೋವಿಗೆ ಟ್ರಾಮಡಾಲ್ ಸೇರಿದ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ ನಡೆಯುತ್ತಿದೆ. ರಕ್ತ ಕಡಿಮೆಯಿದೆ ಎಂದು ಮೂರು ತಿಂಗಳಿಂದ ಕಬ್ಬಿಣದ ಮಾತ್ರೆಯೂ ಇದೆ. ರಾತ್ರಿ ಎರಡು ಚಮಚ ಇಸಬ್ಗೋಲ್ ಕೊಟ್ಟೆವು, ಹೊಟ್ಟೆ ಉಬ್ಬರಿಸಿತು. ಎಂಟು ದಿನ ಏನೂ ಹೋಗಲಿಲ್ಲ. ಈಗ ಮೂರು ದಿನದಿಂದ ನೀರು ನೀರಾಗಿ, ಸ್ವಲ್ಪ ಸ್ವಲ್ಪವೇ ಬಟ್ಟೆಗೆ ಆಗುತ್ತಿದೆ, ಅವರಿಗೆ ಗೊತ್ತೂ ಆಗುತ್ತಿಲ್ಲ. ಭೇದಿ ನಿಲ್ಲುವ ಮಾತ್ರೆ ಕೊಡಬಹುದೇ? ಪಕ್ಕದ ಮನೆಯವರು ಹರಳೆಣ್ಣೆ ಕೊಡಿ ಎನ್ನುತ್ತಾರೆ. ದಿನಾ ಔಷಧ ಕೊಟ್ಟರೆ ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಯೂ ಇದೆ.

ಉತ್ತರ: ಭೇದಿ ನಿಲ್ಲುವ ಮಾತ್ರೆ ಬೇಡ. ಹರಳೆಣ್ಣೆಯೂ ಬೇಡ. ಆಯಿಯನ್ನು ಇವತ್ತೇ ವೈದ್ಯರಿಗೆ ತೋರಿಸಿ, ಆಗದೇ ಹೋದರೆ ನಾಳೆ ಬೆಳಿಗ್ಗೆ ತಪ್ಪಿಸಬೇಡಿ. ಎಂಟು ದಿನ ಏನೂ ಹೋಗದೆ ಆಮೇಲೆ ತಾನಾಗಿ ನೀರು ಸೋರತೊಡಗಿದರೆ, ಈ ವಯಸ್ಸಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಗುದನಾಳದಲ್ಲಿ ಬಲಿತು ಕೂತ ಮಲದ ಗಡ್ಡೆಯ ಮೇಲೆ. ಗಡ್ಡೆ ಅಲುಗುವುದಿಲ್ಲ. ಅದರ ಹಿಂದೆ ಇರುವ ತೆಳು ಮಲ ಸುತ್ತಲಿನ ಸಂದಿಯಲ್ಲಿ ಜಾರಿ ಹೊರಗೆ ಬರುತ್ತದೆ. ತೋಟದ ಬಸಿಗಾಲುವೆಗೆ ಸೋಗೆ, ಮಣ್ಣು ಸೇರಿ ಕಟ್ಟಿಕೊಂಡಾಗ ಪಕ್ಕದಿಂದ ನೀರು ಜಿನುಗುವುದಿಲ್ಲವೇ, ಹಾಗೆಯೇ. ಬಹಳ ದಿನ ಹಿಗ್ಗಿದ ಗುದನಾಳಕ್ಕೆ ಸಂವೇದನೆ ಮಂಕಾಗುತ್ತದೆ, ಗುದದ ಬಾಯಿಯ ಬಿಗಿ ಸಡಿಲಾಗುತ್ತದೆ. ಬಟ್ಟೆಗೆ ಆದದ್ದು ಆಯಿಗೆ ತಿಳಿಯದಿರುವುದು ಅದಕ್ಕೇ. ಅವರ ಅಜಾಗರೂಕತೆ ಅಂದುಕೊಂಡು ಯಾರೂ ಗದರಬಾರದು.

ಇಂಥ ಹೊತ್ತಿನಲ್ಲಿ ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ಕೊಟ್ಟರೆ ಕರುಳಿನ ಚಲನೆ ಇನ್ನೂ ನಿಧಾನವಾಗಿ ಗಡ್ಡೆ ಮತ್ತಷ್ಟು ಒಣಗುತ್ತದೆ. ಹರಳೆಣ್ಣೆ ಕೊಟ್ಟರೆ ಮೇಲಿನ ಕರುಳು ಜೋರಾಗಿ ಹಿಂಡುತ್ತದೆ, ಕೆಳಗೆ ದಾರಿಯೇ ಇಲ್ಲ. ನೋವು, ವಾಂತಿ, ಮೈಯ ನೀರು ಲವಣ ಖಾಲಿಯಾಗುವುದು, ಇಷ್ಟೇ ಫಲ. ಬೆರಳು ಹಾಕಿ ತೆಗೆಯಲು ಮನೆಯಲ್ಲಿ ಯಾರೂ ಹೋಗಬೇಡಿ: ಒಳಪೊರೆ ಹರಿಯುತ್ತದೆ, ರಕ್ತ ಬರುತ್ತದೆ, ಆ ಭಾಗ ಕೆರಳಿದಾಗ ಕೆಲವು ವೃದ್ಧರಿಗೆ ಹೃದಯದ ಬಡಿತ ಒಮ್ಮೆಲೇ ಇಳಿದು ಕಣ್ಣು ಕತ್ತಲೆ ಬರುತ್ತದೆ. ಸಾಬೂನು ನೀರಿನ ಎನಿಮಾ ಹಳೆಯ ರೂಢಿ. ಅದು ಕರುಳಿನ ಒಳಪೊರೆಯನ್ನು ಸುಡುತ್ತದೆ, ಅದನ್ನೂ ಬಿಡಿ.

ವೈದ್ಯರಲ್ಲಿ ಹೋದಾಗ ಬಾಯಿಬಿಟ್ಟು ಕೇಳಬೇಕಾದ ಒಂದು ಮಾತಿದೆ: "ಗುದದ ಒಳಗೆ ಬೆರಳಿನಿಂದ ಪರೀಕ್ಷೆ ಮಾಡಿ ನೋಡಿ." ಕೈಗವಸು ಹಾಕಿ ಮಾಡುವ ಒಂದು ನಿಮಿಷದ ಕೆಲಸ ಅದು. ಜನ ತುಂಬಿದ ದಿನ ತಪ್ಪಿಹೋಗುತ್ತದೆ, ನಾಚಿಕೆಗೆ ಆಯಿಯೂ ಬೇಡ ಎನ್ನುತ್ತಾರೆ. ಎಡಮಗ್ಗುಲಿಗೆ ಮಲಗಿಸಿ, ಮೇಲೆ ಬಟ್ಟೆ ಹೊದೆಸಿ, ಮಹಿಳಾ ವೈದ್ಯರು ಅಥವಾ ನರ್ಸ್ ಜೊತೆಗಿದ್ದರೆ ಹೆಚ್ಚಿನ ಹೆಂಗಸರು ಒಪ್ಪುತ್ತಾರೆ. ಗಡ್ಡೆ ಬೆರಳಿಗೆ ಸಿಕ್ಕರೆ ಗ್ಲಿಸರಿನ್ ಸಪೊಸಿಟರಿ (ಗುದದ ಒಳಗೆ ಇಡುವ ಮಾತ್ರೆ), ಎನಿಮಾ, ಬೇಕಾದರೆ ಕೈಯಿಂದ ತೆಗೆಯುವುದು, ಎಲ್ಲವೂ ಅಲ್ಲೇ ಆಗುತ್ತದೆ. ಬೆರಳಿಗೆ ಸಿಗದಿದ್ದರೆ ತಡೆ ಇನ್ನೂ ಮೇಲೆ ಇರಬಹುದು, ಹೊಟ್ಟೆಯ ಎಕ್ಸ್‌ರೇ ಬೇಕಾಗುತ್ತದೆ. ಎನಿಮಾ ಕೊಡುವಾಗ ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ. ಸೋಡಿಯಂ ಫಾಸ್ಫೇಟ್ ಇರುವ ಎನಿಮಾ ಅಂಥ ವೃದ್ಧರ ರಕ್ತದ ಲವಣಗಳನ್ನು ಅಪಾಯದ ಮಟ್ಟಕ್ಕೆ ಏರುಪೇರು ಮಾಡಬಲ್ಲದು.

ಹೊಟ್ಟೆ ಬಿಗಿದು ಉಬ್ಬಿ ವಾಂತಿಯಾಗುತ್ತಿದ್ದರೆ, ಗಾಳಿಯೂ ಹೋಗುತ್ತಿಲ್ಲವಾದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ, ಇಲ್ಲವೇ ಆಯಿ ಇದ್ದಕ್ಕಿದ್ದಂತೆ ಗೊಂದಲದ ಮಾತಾಡಿದರೆ ನಾಳೆಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ವೃದ್ಧರಲ್ಲಿ ಮಲ ಕಟ್ಟಿದ್ದು ಮೂತ್ರ ಕಟ್ಟುವುದರಲ್ಲಿ ಅಥವಾ ಬುದ್ಧಿ ಕಲಕುವುದರಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಉಂಟು. ಕರಾವಳಿಗೆ ಕರೆದೊಯ್ಯಬೇಕಾದರೆ ಈ ಮಳೆಯಲ್ಲಿ ದೇವಿಮನೆ ಘಟ್ಟವನ್ನು ಹಗಲಲ್ಲೇ ಇಳಿಯುವಂತೆ ಹೊರಡಿ.

ಇಸಬ್ಗೋಲ್ ಯಾಕೆ ಕೈಕೊಟ್ಟಿತು ಎಂಬುದನ್ನು ತಿಳಿದುಕೊಂಡರೆ ಮುಂದಿನ ಅರ್ಧ ದಾರಿ ಸ್ಪಷ್ಟ. ಅದು ನೀರನ್ನು ಹೀರಿ ಹಿಗ್ಗಿ ಮಲದ ಗಾತ್ರ ಹೆಚ್ಚಿಸುವ ನಾರು. ಮುಂದೆ ದಾರಿ ತೆರೆದಿದ್ದು ಜೊತೆಗೆ ನೀರೂ ಇದ್ದರೆ ಒಳ್ಳೆಯದೇ. ದಾರಿ ಕಟ್ಟಿದ್ದಾಗ ಕೊಟ್ಟರೆ ಗಡ್ಡೆಯ ಹಿಂದೆ ಇನ್ನಷ್ಟು ಮಾಲು ಪೇರಿಸಿದಂತೆ. ನೀರು ಸಾಲದಿದ್ದರೆ ಅದೇ ಅಂಟಿನ ಮುದ್ದೆಯಾಗುತ್ತದೆ. ಟ್ರಾಮಡಾಲ್‌ನಂಥ ನೋವಿನ ಮಾತ್ರೆಯಿಂದ ಬಂದ ಮಲಬದ್ಧತೆಗೆ ನಾರು ಸರಿಯಾದ ಔಷಧವೂ ಅಲ್ಲ. ಅಲ್ಲಿ ಕರುಳಿನ ಚಲನೆಯೇ ಮಂದವಾಗಿರುತ್ತದೆ, ಗಾತ್ರ ಹೆಚ್ಚಿಸಿದರೆ ತಳ್ಳುವವರು ಯಾರು? ಮಲಗುವ ಹೊತ್ತಿಗೆ ಎರಡು ಚಮಚ ಕೊಟ್ಟದ್ದು ಇನ್ನೊಂದು ತಪ್ಪು. ಕಡಿಮೆ ನೀರಿನಲ್ಲಿ ನುಂಗಿ ಮಲಗಿದರೆ ಗಂಟಲು, ಅನ್ನನಾಳದಲ್ಲೇ ಊದಿಕೊಳ್ಳಬಹುದು. ಪಾರ್ಶ್ವವಾಯು ಆಗಿ ನುಂಗಲು ಕಷ್ಟಪಡುವವರಿಗೆ, ಹಾಸಿಗೆ ಹಿಡಿದವರಿಗೆ ಇಸಬ್ಗೋಲ್ ಕೊಡಲೇಬಾರದು.

ಆದ್ದರಿಂದ ಕ್ರಮ ಹೀಗೆ: ಮೊದಲು ತೆರವು, ಆಮೇಲೆ ಮಲವನ್ನು ಮೆತ್ತಗಿಡುವ ಔಷಧ, ಅದು ಹದಕ್ಕೆ ಬಂದಮೇಲೆ ನೀರಿನ ಜೊತೆ ನಾರು. ಈ ಕ್ರಮ ತಿರುವುಮುರುವಾದರೆ ಒಳ್ಳೆಯ ಪದಾರ್ಥವೂ ಹೊಟ್ಟೆನೋವು ತರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತಂದದ್ದು ಬಟ್ಟೆಗೆ ಆಗುವ ಸಂಗತಿಯಲ್ಲ, "ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ" ಎಂಬ ಸಾಲು. ರಕ್ತ ಯಾಕೆ ಕಡಿಮೆಯಾಯಿತು ಎಂದು ಯಾರಾದರೂ ಹುಡುಕಿದ್ದಾರೆಯೇ? 78ನೇ ವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ ಮತ್ತು ಕಬ್ಬಿಣದ ಕೊರತೆಯ ರಕ್ತಹೀನತೆ ಜೊತೆಗೂಡಿದರೆ ದೊಡ್ಡ ಕರುಳಿನಲ್ಲಿ ಗಂಟು, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಇದೆ ಎಂದು ಹೇಳುತ್ತಿಲ್ಲ, ನೋಡದೆ ಬಿಡಬಾರದು ಎನ್ನುತ್ತಿದ್ದೇನೆ. ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಕಂಡಿದೆಯೇ, ಮಲ ಮೊದಲಿಗಿಂತ ಸಪೂರವಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ, ಇವನ್ನು ವೈದ್ಯರಿಗೆ ಹೇಳಿ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರ ಮಲ ಹಸಿರುಗಪ್ಪಾಗುವುದು ಸಹಜ. ಡಾಂಬರಿನ ಹಾಗೆ ಕಪ್ಪಾಗಿ, ಅಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ, ಕೂಡಲೇ ತೋರಿಸಬೇಕು. ಕೊಲೊನೋಸ್ಕೋಪಿ, ಅಂದರೆ ಗುದದ ಮೂಲಕ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಬೇಕೆಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗಬೇಕಾಗಬಹುದು. ಮಳೆ ಮುಗಿಯಲಿ, ಕೊನೆಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ. ರಕ್ತ ಪರೀಕ್ಷೆಗೆ ಕೊಡುವಾಗ ಹಿಮೋಗ್ಲೋಬಿನ್ ಜೊತೆ ಥೈರಾಯ್ಡ್, ಸಕ್ಕರೆ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಸೇರಿಸಲು ಕೇಳಿ. ಥೈರಾಯ್ಡ್ ಕಡಿಮೆಯಾಗಿದ್ದರೆ, ಕ್ಯಾಲ್ಸಿಯಂ ಹೆಚ್ಚಾಗಿದ್ದರೆ, ಪೊಟ್ಯಾಸಿಯಂ ಇಳಿದಿದ್ದರೆ ಕರುಳು ನಿಧಾನವಾಗುತ್ತದೆ. ಅದನ್ನು ಸರಿಮಾಡದೆ ಎಷ್ಟು ಪಪ್ಪಾಯಿ ತಿನ್ನಿಸಿದರೂ ಅಷ್ಟೇ.

ಇನ್ನು ಔಷಧದ ಡಬ್ಬಿ. ಆಯಿಯ ಎಲ್ಲ ಮಾತ್ರೆ, ಸಿರಪ್‌ಗಳನ್ನು ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಆಯುರ್ವೇದದ್ದು, ಅಂಗಡಿಯಲ್ಲಿ ಕೇಳಿ ತಂದದ್ದು ಕೂಡ ಸೇರಲಿ. ನೀವು ಬರೆದ ನಾಲ್ಕೂ ಮಾತ್ರೆಗಳು ಮಲ ಕಟ್ಟುವಂಥವೇ. ಅದರಲ್ಲಿ ಮುಂದಾಳು ಟ್ರಾಮಡಾಲ್. ಅದರ ಅಮಲು, ತಲೆಸುತ್ತು ದಿನ ಹೋದಂತೆ ಒಗ್ಗಿಹೋಗಬಹುದು, ಆದರೆ ಕರುಳನ್ನು ಕಟ್ಟುವ ಗುಣ ಮಾತ್ರ ಒಗ್ಗುವುದಿಲ್ಲ, ಕೊಟ್ಟಷ್ಟು ದಿನವೂ ಇರುತ್ತದೆ. ಮಂಡಿನೋವಿಗೆ ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಜೆಲ್, ತೊಡೆಯ ಸ್ನಾಯುವಿಗೆ ವ್ಯಾಯಾಮ, ಇಷ್ಟರಲ್ಲಿ ಸುಧಾರಿಸಬಹುದೇ ಎಂದು ಕೇಳಿ. ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಇಳಿಸಬೇಕು. ಅದು ಬಿಡಲಾಗದ್ದೇ ಆದರೆ ಕರುಳಿನ ಔಷಧವೂ ಅದರ ಜೊತೆಜೊತೆಗೇ ದಿನಾ ನಡೆಯಬೇಕು, ಕಟ್ಟಿದ ಮೇಲಲ್ಲ.

ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಕೊಡಬಹುದೇ ಎಂದು ಕೇಳಬಹುದು. ಹಾಗೆ ಕೊಟ್ಟರೆ ಪ್ರತಿ ಮಾತ್ರೆಯಿಂದ ಮೈಗೆ ಸೇರುವ ಕಬ್ಬಿಣದ ಪಾಲು ಹೆಚ್ಚು, ಹೊಟ್ಟೆಯ ತೊಂದರೆಯೂ ಹಲವರಲ್ಲಿ ಕಡಿಮೆ. ಕ್ಯಾಲ್ಸಿಯಂ ಕಾರ್ಬೊನೇಟ್ ಹೆಚ್ಚು ಕಟ್ಟುತ್ತದೆ, ಸಿಟ್ರೇಟ್ ಅಷ್ಟಿಲ್ಲ. ಬಿಪಿ ಮಾತ್ರೆಯನ್ನು ನೀವಾಗಿ ಎಂದೂ ನಿಲ್ಲಿಸಬೇಡಿ, ಆಮ್ಲೋಡಿಪಿನ್ ಈ ಗುಂಪಿನಲ್ಲಿ ಸಣ್ಣ ಅಪರಾಧಿ. ಬೇರೆ ಮನೆಗಳ ಓದುಗರು ತಮ್ಮ ಡಬ್ಬಿಯಲ್ಲಿ ಹುಡುಕಬೇಕಾದವು: ನೆಗಡಿ, ತುರಿಕೆಗೆ ಕೊಡುವ ನಿದ್ದೆ ಬರಿಸುವ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನರನೋವಿಗೆ ಮತ್ತು ನಿದ್ದೆಗೆ ಅಮಿಟ್ರಿಪ್ಟಿಲಿನ್, ಮೂತ್ರ ಅವಸರಕ್ಕೆ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಮೂತ್ರ ಹೆಚ್ಚು ಹೋಗಿಸುವ ಮಾತ್ರೆ, ಅಲ್ಯುಮಿನಿಯಂ ಇರುವ ಆಂಟಾಸಿಡ್.

ತೆರವಾದ ಮರುದಿನದಿಂದಲೇ ನಿತ್ಯದ ಔಷಧ ಶುರುವಾಗಬೇಕು. ಇಲ್ಲವಾದರೆ ಹತ್ತು ದಿನದಲ್ಲಿ ಮತ್ತೆ ಅದೇ ಗಡ್ಡೆ. ವೃದ್ಧರಿಗೆ ನಾನು ಮೊದಲು ಸೂಚಿಸುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಚೀಟಿಯಲ್ಲಿ ಪೆಗ್ ಎಂದು ಬರೆದಿರುತ್ತಾರೆ. ದಿನಕ್ಕೊಮ್ಮೆ 17 ಗ್ರಾಂ ಪುಡಿಯನ್ನು ಒಂದು ಲೋಟ, ಸುಮಾರು 200 ಮಿ.ಲೀ. ನೀರಿನಲ್ಲಿ ಪೂರ್ತಿ ಕರಗಿಸಿ ಕುಡಿಸುವುದು. ಇದು ಮೈಗೆ ಹೀರದೆ ಕರುಳಿನಲ್ಲೇ ಉಳಿದು ಕುಡಿದ ನೀರನ್ನು ಮಲದಲ್ಲಿ ಹಿಡಿದಿಡುತ್ತದೆ. ಕೆಲಸ ಮಾಡಲು ಒಂದರಿಂದ ಮೂರು ದಿನ ಬೇಕು, ಮೊದಲ ದಿನವೇ ಏನೂ ಆಗಲಿಲ್ಲ ಎಂದು ಎಸೆಯಬೇಡಿ. ಕೊಲೊನೋಸ್ಕೋಪಿಗೆ ಮುಂಚೆ ಕರುಳು ತೊಳೆಯಲು ಎರಡು ಲೀಟರ್ ನೀರಿಗೆ ಕಲಸುವ ದೊಡ್ಡ ಪ್ಯಾಕೆಟ್ ಕೂಡ ಇದೇ ಹೆಸರಿನಲ್ಲಿ ಬರುತ್ತದೆ. ಅದು ಬೇರೆ, ಅಂಗಡಿಯಲ್ಲಿ ಗ್ರಾಂ ನೋಡಿ ಕೊಳ್ಳಿ.

ಪೆಗ್ ಸಿಗದಿದ್ದರೆ ಲ್ಯಾಕ್ಟುಲೋಸ್ ಸಿರಪ್: 15 ಮಿ.ಲೀ.ಯಿಂದ ಆರಂಭ, ಬೇಕಾದರೆ 30ರ ವರೆಗೆ. ಇದಕ್ಕೂ ಒಂದೆರಡು ದಿನ ಬೇಕು. ಮೊದಲ ವಾರ ಗಾಳಿ, ಗುಡುಗುಡು ಹೆಚ್ಚು. ತುಂಬ ಸಿಹಿ, ಆದರೂ ಸಾಮಾನ್ಯ ಪ್ರಮಾಣದಲ್ಲಿ ಹೆಚ್ಚಿನ ಮಧುಮೇಹಿಗಳಿಗೆ ನಡೆಯುತ್ತದೆ, ಸಕ್ಕರೆ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಎರಡರಲ್ಲಿ ಯಾವುದೇ ಆಗಲಿ, ಮಲದ ಹದ ನೋಡಿ ಪ್ರಮಾಣ ಬದಲಿಸಬೇಕು. ಆಡಿನ ಹಿಕ್ಕೆಯ ಹಾಗೆ ಉಂಡೆ ಉಂಡೆಯಾದರೆ ಔಷಧ ಸಾಲದು. ಕಳಿತ ಬಾಳೆಹಣ್ಣಿನಂತೆ ಮೆತ್ತಗೆ, ಒಂದೇ ಉದ್ದಕ್ಕೆ ಹೋದರೆ ಹದ ಸರಿ. ಗಂಜಿಯಂತಾದರೆ ಹೆಚ್ಚಾಯಿತು. ಹೆಚ್ಚಾದಾಗ ನಿಲ್ಲಿಸಿಬಿಡುವುದೇ ಎಲ್ಲ ಮನೆಗಳಲ್ಲೂ ನಡೆಯುವ ತಪ್ಪು. ನಿಲ್ಲಿಸಿದ ನಾಲ್ಕನೆಯ ದಿನಕ್ಕೆ ಮತ್ತೆ ಕಟ್ಟುತ್ತದೆ, ಮತ್ತೆ ದೊಡ್ಡ ಪ್ರಮಾಣ, ಮತ್ತೆ ಭೇದಿ. ನಿಲ್ಲಿಸಬೇಡಿ, ಅರ್ಧ ಮಾಡಿ. ಬದಲಿಸಿದ ಮೇಲೆ ಎರಡು ಮೂರು ದಿನ ಕಾದು ನೋಡಿ.

ಅಷ್ಟಕ್ಕೂ ಸಾಲದಾದರೆ ಕರುಳನ್ನು ತಳ್ಳುವ ಔಷಧ: ರಾತ್ರಿ ಬೈಸಾಕೊಡಿಲ್ 5 ಮಿ.ಗ್ರಾಂ, ಅಥವಾ ಸೋನಾಮುಖಿಯಿಂದ ಮಾಡಿದ ಸೆನ್ನಾ ಮಾತ್ರೆ. ಆರರಿಂದ ಹನ್ನೆರಡು ಗಂಟೆಯಲ್ಲಿ ಕೆಲಸವಾಗುವುದರಿಂದ ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆಗೆ ಸರಿಹೊಂದುತ್ತದೆ. ಬೈಸಾಕೊಡಿಲ್ ಮಾತ್ರೆಯನ್ನು ಪುಡಿ ಮಾಡಬಾರದು, ಹಾಲಿನ ಜೊತೆ ಕೊಡಬಾರದು. ಹೊರಲೇಪ ಹೊಟ್ಟೆಯಲ್ಲೇ ಕರಗಿ ನುಲಿತ ಬರುತ್ತದೆ. ಮಲಗುವಾಗ ಹಾಲಿನ ಕಷಾಯ ಕುಡಿಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಎರಡರ ನಡುವೆ ಒಂದು ಗಂಟೆಯಾದರೂ ಬಿಡಿ. ಬಿಳಿ ಸಿರಪ್ ಕೊಳ್ಳುವಾಗ ಲೇಬಲ್ ಓದಿ. ಮ್ಯಾಗ್ನೀಸಿಯಾ ಇದ್ದರೆ ಮೂತ್ರಪಿಂಡ ಸೋತವರಿಗೆ ಬೇಡ. ಲಿಕ್ವಿಡ್ ಪ್ಯಾರಾಫಿನ್ ಇದ್ದರೆ ನುಂಗುವಾಗ ಕೆಮ್ಮು ಬರುವವರಿಗೆ, ಮಲಗಿದಲ್ಲೇ ಇರುವವರಿಗೆ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗುತ್ತದೆ.

ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಗೆ ನೇರವಾಗಿ ಹೇಳುತ್ತೇನೆ. ಪೆಗ್, ಲ್ಯಾಕ್ಟುಲೋಸ್ ತಿಂಗಳುಗಟ್ಟಲೆ ತೆಗೆದುಕೊಂಡರೂ ಚಟವಾಗುವುದಿಲ್ಲ. ಸೆನ್ನಾ, ಬೈಸಾಕೊಡಿಲ್ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಕರುಳು "ಸೋಮಾರಿ"ಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಔಷಧ ನಿಲ್ಲಿಸಿದಾಗ ಮಲ ಮತ್ತೆ ಕಟ್ಟಿದರೆ ಮೂಲ ಕಾರಣ ಇನ್ನೂ ಹಾಗೇ ಇದೆ ಎಂದರ್ಥ. ಬಿಪಿ ಮಾತ್ರೆ ದಿನಾ ಕೊಡಲು ಅನುಮಾನ ಪಡದವರು ಇದಕ್ಕೆ ಹೆದರಿ, ಹೆತ್ತವರನ್ನು ದಿನಾ ಅರ್ಧ ಗಂಟೆ ತಿಣುಕಲು ಬಿಡುವುದು ಸರಿಯಲ್ಲ. ತಿಣುಕುವಾಗ ಬಿಪಿ ಏರಿ ಇಳಿದು ಬಚ್ಚಲಲ್ಲೇ ತಲೆತಿರುಗಿ ಬಿದ್ದು ಸೊಂಟ ಮುರಿದುಕೊಂಡರೆ ಆಮೇಲಿನ ಕಷ್ಟ ಎಷ್ಟೋ ಪಾಲು ದೊಡ್ಡದು.

ನೀರಿನ ಮಾತು. ವಯಸ್ಸಾದಂತೆ ಬಾಯಾರಿಕೆಯ ಸೂಚನೆ ಮಂಕಾಗುತ್ತದೆ. ಅದರ ಮೇಲೆ ನಮ್ಮ ಕಡೆಯ ಮಳೆಗಾಲ: ಬೆವರಿಲ್ಲ, ದಾಹವಿಲ್ಲ. ಪಾಯಿಖಾನೆ ಅಂಗಳ ದಾಟಿ ಇರುವ ಮನೆಗಳಲ್ಲಿ, ರಾತ್ರಿ ಎದ್ದು ಮಳೆಯಲ್ಲಿ ಪಾಚಿಗಟ್ಟಿದ ಚಿರೆಕಲ್ಲಿನ ಮೇಲೆ ಹೋಗಬೇಕಲ್ಲ ಎಂದು ವಯಸ್ಸಾದವರು ಸಂಜೆಯಿಂದಲೇ ನೀರು ಬಿಡುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಲೋಟ ಪಕ್ಕಕ್ಕಿಡುತ್ತಾರೆ ಅಷ್ಟೇ. ಮಳೆಗಾಲದ ಜೊತೆಗೇ ಮಲಬದ್ಧತೆ ಶುರುವಾಯಿತು ಎಂದು ನೀವು ಬರೆದದ್ದಕ್ಕೆ ಇದೂ ಒಂದು ಕಾರಣವಿರಬಹುದು, ಕೇಳಿ ನೋಡಿ. ದಿನಕ್ಕೆ ಒಟ್ಟು ಒಂದೂವರೆ ಲೀಟರ್, ಅಂದರೆ 200 ಮಿ.ಲೀ. ಲೋಟದಲ್ಲಿ ಏಳೆಂಟು. ಅದರಲ್ಲಿ ಆರು ಲೋಟ ಸಂಜೆ ಐದರೊಳಗೆ ಮುಗಿಯಲಿ. ಎದ್ದ ಕೂಡಲೇ ಹಂಡೆಯ ಕುಡಿಯುವ ಬಿಸಿನೀರು ಒಂದು ಲೋಟ, ಹತ್ತು ಗಂಟೆಗೆ ಗಂಜಿತಿಳಿ, ಊಟಕ್ಕೆ ಮಜ್ಜಿಗೆ, ಮಧ್ಯಾಹ್ನ ಮುರುಗಲು ನೀರು. ಚಹಾ, ಕಷಾಯ ಕೂಡ ಲೆಕ್ಕಕ್ಕೆ ಸೇರುತ್ತವೆ. ಅಪ್ಪೆಹುಳಿ ಒಳ್ಳೆಯದೇ, ಉಪ್ಪು ಮಾತ್ರ ಬಿಪಿಯವರ ಲೆಕ್ಕದಲ್ಲಿರಲಿ. ಏಕಾದಶಿ, ಚಾತುರ್ಮಾಸ್ಯದ ಉಪವಾಸ ಮಾಡುವವರಾದರೆ ಊಟ ಬಿಟ್ಟರೂ ನೀರು, ಹಣ್ಣು ಬಿಡದಂತೆ ಹೇಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರು ಕಡಿಮೆ ಮಾಡಲು ಹೇಳಿದ್ದರೆ ಆ ಮಿತಿಯೇ ಮೊದಲು.

ಊಟದಲ್ಲಿ ನಾರು ದಿನಕ್ಕೆ 25 ಗ್ರಾಂ ಆಸುಪಾಸು ತಲುಪಬೇಕು, ಆದರೆ ವಾರಕ್ಕೆ ಸುಮಾರು 5 ಗ್ರಾಂನಷ್ಟೇ ಏರಿಸುತ್ತ ಹೋಗಿ. ಒಮ್ಮೆಲೇ ಏರಿಸಿದರೆ ಮತ್ತೆ ಉಬ್ಬರ. ಅರ್ಧ ಬಟ್ಟಲು ಬೇಯಿಸಿದ ಹೆಸರುಕಾಳಿನಲ್ಲಿ ಸುಮಾರು 7 ಗ್ರಾಂ, ಅಷ್ಟೇ ಕಡಲೆಕಾಳಿನಲ್ಲಿ 6, ಒಂದು ಬಾಳೆಹಣ್ಣಿನಲ್ಲಿ 3 ಗ್ರಾಂ ಸಿಗುತ್ತದೆ. ಒಂದು ಬಟ್ಟಲು ಪಾಲಿಶ್ ಮಾಡಿದ ಬಿಳಿ ಅನ್ನದಲ್ಲಿ ಒಂದು ಗ್ರಾಂ ಕೂಡ ಇಲ್ಲ. ಹಲ್ಲು ಬಿದ್ದ ಹಿರಿಯರು ಬರಬರುತ್ತ ಮೆತ್ತಗಿನ ಅನ್ನ, ಮಜ್ಜಿಗೆ, ಉಪ್ಪಿನಕಾಯಿಗೆ ಇಳಿದುಬಿಡುತ್ತಾರೆ. ಕಾರವಾರ, ಅಂಕೋಲೆ ಕಡೆ ಅನ್ನ ಮತ್ತು ಮೀನುಸಾರು. ಮೀನು ಒಳ್ಳೆಯ ಆಹಾರ, ಆದರೆ ಅದರಲ್ಲಿ ನಾರು ಸೊನ್ನೆ. ಬಟ್ಟಲಿನಲ್ಲಿ ಸೊಪ್ಪೋ ಕಾಳೋ ಇನ್ನೊಂದು ಇರಲೇಬೇಕು. ಪಾಲಿಶ್ ಕಡಿಮೆ ಮಾಡಿದ ಕೆಂಪು ಕುಚ್ಚಲಕ್ಕಿಯ ಗಂಜಿಗೆ ಹಿಂತಿರುಗಿದರೆ ನಾರು, ನೀರು ಎರಡೂ ಸಿಕ್ಕವು.

ಹಲ್ಲಿಲ್ಲದವರಿಗೆ ನಮ್ಮ ಅಡುಗೆಯಲ್ಲಿ ಬೇಕಾದಷ್ಟು ದಾರಿಗಳಿವೆ. ಒಂದೆಲಗ, ಬಸಳೆ, ಹರಿವೆಯ ತಂಬುಳಿ ಅಗಿಯಬೇಕಾಗಿಲ್ಲ. ಆದರೆ ರುಬ್ಬಿದ್ದನ್ನು ಸೋಸಿ ತಿಳಿ ಮಾತ್ರ ಬಡಿಸಿದರೆ ನಾರೆಲ್ಲ ಚರಟದಲ್ಲಿ ಹೋಯಿತು, ಸೋಸಬೇಡಿ. ಕೆಸುವಿನ ಸೊಪ್ಪಿನ ಕರ್ಕಲಿ, ಚೆನ್ನಾಗಿ ಬೆಂದ ಮೊಗೆಕಾಯಿ ಹುಳಿ, ನುಗ್ಗೆಸೊಪ್ಪಿನ ಪಲ್ಯ, ನೂಲು ತೆಗೆದು ಸಣ್ಣಗೆ ಹೆಚ್ಚಿದ ಬಾಳೆದಿಂಡು, ಎಲ್ಲವೂ ಆಗುತ್ತದೆ. ಊಟದ ನಂತರ ಒಂದು ಬಟ್ಟಲು ಪಪ್ಪಾಯಿ ಅಥವಾ ಪೂರ್ತಿ ಕಳಿತ ಬಾಳೆಹಣ್ಣು. ಅರೆಮಾಗಿದ ಬಾಳೆಹಣ್ಣು ಕೆಲವರಿಗೆ ಕಟ್ಟುತ್ತದೆ. ಇಸಬ್ಗೋಲ್‌ಗೆ ಮರಳುವುದಾದರೆ ಹೊಟ್ಟೆ ಎರಡು ಮೂರು ವಾರ ಸರಾಗವಾಗಿ ಹೋದ ಮೇಲೆ, ಟ್ರಾಮಡಾಲ್ ನಿಂತಿದ್ದರೆ ಮಾತ್ರ: ಹಗಲಲ್ಲಿ ಒಂದು ಚಮಚ, ಒಂದು ದೊಡ್ಡ ಲೋಟ ನೀರಿಗೆ ಹಾಕಿ ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಕೂರುವ ರೀತಿ, ಕೂರುವ ಹೊತ್ತು ಎರಡನ್ನೂ ಜನ ಹಗುರವಾಗಿ ನೋಡುತ್ತಾರೆ, ನನ್ನ ಮಟ್ಟಿಗೆ ಅರ್ಧ ಔಷಧ ಅಲ್ಲೇ ಇದೆ. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿ ಹಿಂಡುತ್ತದೆ. ಬೆಳಗಿನ ಆಸರಿಯ ನಂತರ ಇದು ಅತಿ ಬಲವಾಗಿರುತ್ತದೆ. ದೋಸೆ, ಬಿಸಿ ಕಷಾಯ ಮುಗಿದು 20ರಿಂದ 30 ನಿಮಿಷಕ್ಕೆ, ಅವಸರ ಬರಲಿ ಬಿಡಲಿ, ದಿನಾ ಹೋಗಿ ಕೂರಬೇಕು. ಹತ್ತು ನಿಮಿಷ ಸಾಕು, ಆಗದಿದ್ದರೆ ಎದ್ದು ಬರಲಿ. ಹೊರಗಿನಿಂದ "ಆಯ್ತಾ?" ಎಂದು ಕೂಗಬೇಡಿ. ಅವಸರ ಬಂದಾಗ ದೇವರ ಪೂಜೆ, ಬಂದ ನೆಂಟರು, ಬಸ್ಸಿನ ಪ್ರಯಾಣ ಎಂದು ತಡೆದುಕೊಳ್ಳುವ ಅಭ್ಯಾಸ ಹೆಂಗಸರಲ್ಲಿ ಹೆಚ್ಚು. ಪದೇ ಪದೇ ತಡೆದರೆ ಕೊನೆಗೆ ಕರೆಯೇ ಬರುವುದಿಲ್ಲ.

ಮಂಡಿನೋವಿಗೆ ಎಂದು ಕಮೋಡು ಹಾಕಿಸಿದ ಮನೆಗಳಲ್ಲಿ ಒಂದು ಕೊರತೆ ಉಳಿದುಹೋಗುತ್ತದೆ. ಕುಕ್ಕರುಗಾಲಿನಲ್ಲಿ ಗುದನಾಳದ ಬಾಗು ನೇರವಾಗುತ್ತದೆ, ಕುರ್ಚಿಯಂತೆ ಕೂತರೆ ಆ ಬಾಗು ಹಾಗೇ ಉಳಿದು ದಾರಿ ಹಿಸುಕಿದಂತಿರುತ್ತದೆ. ಪಾದದ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲಾಗಬೇಕು. ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲೂರಲಿ. ಮಣೆಯ ಅಡಿಗೆ ರಬ್ಬರ್ ಹಾಕಿ, ಗೋಡೆಗೆ ಹಿಡಿಕೆ ಹೊಡೆಸಿ, ಏಳುವ ಮೊದಲು ಮಣೆ ಸರಿಸಿ. ಉಸಿರು ಬಿಗಿಹಿಡಿದು ಮುಕ್ಕುವುದರ ಬದಲು ಒಲೆಗೆ ಊದುಗೊಳವೆಯಲ್ಲಿ ಊದುವ ಹಾಗೆ ನಿಧಾನವಾಗಿ, ಉದ್ದಕ್ಕೆ ಊದಲು ಹೇಳಿ. ಆಗ ಹೊಟ್ಟೆ ಗಟ್ಟಿಯಾಗಿ ಕೆಳಗೆ ಒತ್ತುತ್ತದೆ, ಗುದದ ಬಾಯಿ ಬಿಗಿಯುವುದಿಲ್ಲ. ಈ ಹೋಲಿಕೆ ನಮ್ಮ ಅಜ್ಜಿಯರಿಗೆ ಒಮ್ಮೆಗೇ ತಿಳಿಯುತ್ತದೆ. ಪಾಯಿಖಾನೆ ಹೊರಗಿದ್ದರೆ ಮಳೆಗಾಲದ ನಾಲ್ಕು ತಿಂಗಳ ಮಟ್ಟಿಗೆ ಕಮೋಡು ಕುರ್ಚಿಯೊಂದನ್ನು ಕೋಣೆಯ ಮೂಲೆಯಲ್ಲಿ ಪರದೆ ಕಟ್ಟಿ ಇಡಿ. ತೋಟ ಗದ್ದೆ ಓಡಾಡಿಕೊಂಡಿದ್ದವರು ಮಳೆಯಲ್ಲಿ ಮೂಲೆ ಹಿಡಿಯುತ್ತಾರೆ. ಜಗಲಿಯ ಮೇಲೇ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ನಡೆಯಲಿ.

ಹರಳೆಣ್ಣೆಯ ಬಗ್ಗೆ ಈ ಸಲಕ್ಕೆ ಬೇಡ ಎಂದೆ. ಇನ್ನು ಮುಂದೆ ಕೂಡ ನಿತ್ಯದ ಔಷಧವಾಗಿ ಬೇಡ, ನುಲಿತ ಹೆಚ್ಚು, ಹದ ಸಿಗುವುದಿಲ್ಲ. ತ್ರಿಫಲಾ ಚೂರ್ಣ ಕೆಲವರಿಗೆ ಒಗ್ಗುತ್ತದೆ, ಆದರೆ ಬೇರೆ ವಿರೇಚಕ ನಡೆಯುತ್ತಿದ್ದರೆ ಎರಡನ್ನೂ ಒಟ್ಟಿಗೆ ಬೆರೆಸದೆ ವೈದ್ಯರಿಗೆ ಹೇಳಿಯೇ ಕೊಡಿ. ಕವಳ ಬಿಟ್ಟ ಮೇಲೆ ಹೊಟ್ಟೆ ಕಟ್ಟಿತು ಎಂದು ನಮ್ಮ ಕಡೆ ಹಲವರು ಹೇಳುವುದು ಸುಳ್ಳಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್, ತಂಬಾಕಿನ ನಿಕೋಟಿನ್ ಎರಡೂ ಕರುಳನ್ನು ಚುರುಕುಗೊಳಿಸುತ್ತವೆ. ಅಡಿಕೆಯೇ ನಮ್ಮ ಬದುಕಾದರೂ ಬಾಯಿಯ ಕ್ಯಾನ್ಸರಿಗೆ ಅದು ಕಾರಣವಾಗುತ್ತದೆ ಎಂಬುದು ಸಂದೇಹವಿಲ್ಲದ ಸತ್ಯ. ಬಿಟ್ಟವರು ಹೊಟ್ಟೆಯ ನೆಪಕ್ಕೆ ಮತ್ತೆ ಹಾಕಬಾರದು, ಈ ಕಟ್ಟು ಕೆಲವು ವಾರದ್ದು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿ: ಹೋಯಿತೇ, ಉಂಡೆಯೋ ಮೆತ್ತಗೋ ತೆಳುವೋ, ಔಷಧ ಎಷ್ಟು. ಎರಡು ದಿನ ಖಾಲಿ ಹೋದರೆ ಮೂರನೆಯ ಬೆಳಿಗ್ಗೆ ಆಸರಿಯ ನಂತರ ಒಂದು ಗ್ಲಿಸರಿನ್ ಸಪೊಸಿಟರಿ. ಎಡಮಗ್ಗುಲಿಗೆ ಮಲಗಿ, ಮಂಡಿ ಮಡಚಿ, ಹೊದಿಕೆ ಬಿಚ್ಚಿ ನೀರಿನಲ್ಲಿ ಒದ್ದೆ ಮಾಡಿ, ಒಂದು ಇಂಚಿನಷ್ಟು ಒಳಗೆ, ಮಲದ ನಡುವೆ ಚುಚ್ಚದೆ ಗುದನಾಳದ ಗೋಡೆಗೆ ತಾಗುವಂತೆ ಸೇರಿಸಬೇಕು. ಗೋಡೆಗೆ ತಾಗದಿದ್ದರೆ ಕೆಲಸ ಮಾಡುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಹಾಗೇ ಮಲಗಿದ್ದು ಆಮೇಲೆ ಹೋಗಿ ಕೂರಲಿ. ಬೇಸಿಗೆಯಲ್ಲಿ ಸಪೊಸಿಟರಿ ಮೆತ್ತಗಾಗಿದ್ದರೆ ಹೊದಿಕೆ ಸಮೇತ ತಣ್ಣೀರಿನಲ್ಲಿ ಐದು ನಿಮಿಷ ಇಟ್ಟು ಬಳಸಿ. ನಾಲ್ಕು ದಿನವಾದರೂ ಏನೂ ಇಲ್ಲ, ಅಥವಾ ಮತ್ತೆ ನೀರು ಸೋರುತ್ತಿದೆ ಎಂದರೆ ಪುನಃ ಬೆರಳಿನ ಪರೀಕ್ಷೆ.

ಎರಡು ಮೂರು ತಿಂಗಳು ಸರಾಗವಾಗಿ ನಡೆದರೆ ಪೆಗ್ ಅನ್ನು ಮೊದಲು ಅರ್ಧಕ್ಕೆ, ಎರಡು ವಾರ ನೋಡಿ ದಿನ ಬಿಟ್ಟು ದಿನಕ್ಕೆ ಇಳಿಸಬಹುದು. ಮಲ ಮೆತ್ತಗಿದ್ದರೂ ತಿಣುಕಬೇಕು, ಬೆರಳಿನಿಂದ ಒತ್ತಿದರೆ ಮಾತ್ರ ಬರುತ್ತದೆ ಎಂಬ ಸ್ಥಿತಿಯಿದ್ದರೆ ತಪ್ಪು ಕರುಳಿನಲ್ಲಿಲ್ಲ. ಮುಕ್ಕುವಾಗ ಸಡಿಲಾಗಬೇಕಾದ ಗುದದ ಸ್ನಾಯು ಬಿಗಿಯುತ್ತಿದೆ ಎಂದರ್ಥ. ಅದಕ್ಕೆ ಔಷಧದ ಪ್ರಮಾಣ ಏರಿಸಿ ಪ್ರಯೋಜನವಿಲ್ಲ, ಬಯೋಫೀಡ್‌ಬ್ಯಾಕ್ ಎಂಬ ಸ್ನಾಯು ತರಬೇತಿ ಬೇಕು. ಜಠರ-ಕರುಳಿನ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ, ಹೋಗುವಾಗ ಆ ಕ್ಯಾಲೆಂಡರಿನ ಹಾಳೆಗಳನ್ನೂ ಜೊತೆಗೆ ತೆಗೆದುಕೊಂಡು ಹೋಗಿ.